ನೆಲ ನೋಡಿದ ಉಗುರುಬಣ್ಣ

ಪಾರ್ಲರಿನ ದರ ಕೇಳಿ ಗಾಬರಿಯಾದ ಚೂಡಾಮಣಿ, ತನ್ನ ನಿಶ್ಚಿತಾರ್ಥದ ದಿನ ಬೆಳಿಗ್ಗೆ ಬಚ್ಚಲುಮನೆಯಲ್ಲೇ ಕಾಲು ಚಂದ ಮಾಡಿಕೊಳ್ಳಲು ಕೂತಳು. ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರು, ಪಕ್ಕದಲ್ಲಿ ಕಾಲುಜ್ಜುವ ಕಲ್ಲು, ಕೊಬ್ಬರಿ ಎಣ್ಣೆ, ಒಂದು ಶೀಷೆ ಕೆಂಪು ಉಗುರುಬಣ್ಣ.

“ತಾಯಿ, ಮೊದಲು ನನ್ನನ್ನು ನೆನೆಸಿ ಉಜ್ಜು. ಅರ್ಧ ಗಂಟೆ ಸಾಕು,” ಎಂದು ಒಡೆದ ಹಿಮ್ಮಡಿ ಬೇಡಿಕೊಂಡಿತು.

ಉಗುರುಬಣ್ಣ ಶೀಷೆಯೊಳಗಿಂದಲೇ ನಕ್ಕಿತು. “ಹಿಂದೆ ಇರುವ ನಿನ್ನನ್ನು ಯಾರು ನೋಡುತ್ತಾರೆ? ಬೀಗರು ಬರುವುದು ಎದುರಿನಿಂದ. ನಿನ್ನನ್ನು ಸೀರೆಯಂಚು ಮುಚ್ಚಿಕೊಳ್ಳುತ್ತದೆ, ಬಿಡು.”

ಚೂಡಾಮಣಿಗೂ ಅದೇ ಸರಿಯೆನಿಸಿತು. ಕಾಲನ್ನು ನೀರಿನಲ್ಲಿ ಅದ್ದಿದ ಶಾಸ್ತ್ರ ಮಾಡಿ, ಉಗುರುಗಳಿಗೆ ಎರಡೆರಡು ಸಲ ಬಣ್ಣ ಬಳಿದು ಎದ್ದಳು. ಕಲ್ಲು ಒದ್ದೆಯೂ ಆಗಲಿಲ್ಲ.

ಮಧ್ಯಾಹ್ನ ಗಂಡಿನ ಕಡೆಯವರು ನಡುಮನೆಯ ತುಂಬ ಜಮಖಾನದ ಮೇಲೆ ಕೂತಿದ್ದರು. “ಅತ್ತೆಗೆ ನಮಸ್ಕಾರ ಮಾಡಮ್ಮ,” ಎಂದರು ಯಾರೋ. ಚೂಡಾಮಣಿ ಮಂಡಿಯೂರಿ, ಬಗ್ಗಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಸೀರೆಯಂಚು ಮೇಲೆ ಸರಿಯಿತು. ಉಗುರುಗಳು ಜಮಖಾನಕ್ಕೆ ಒತ್ತಿಕೊಂಡವು. ಹಿಮ್ಮಡಿಗಳೆರಡೂ ಇಡೀ ಸಭೆಗೆ ಮುಖ ಮಾಡಿ ನಿಂತವು.

“ಪಾಪ, ಇವರ ಮನೆಯಲ್ಲಿ ಎಣ್ಣೆಗೂ ಬರವೇನ್ರೀ?” ಎಂದು ಹಿಂದೆ ಕೂತ ಅಜ್ಜಿಯೊಬ್ಬರು ಗಟ್ಟಿಯಾಗಿಯೇ ಕೇಳಿದರು.

“ಏನಂತೆ? ನನ್ನನ್ನು ಹೊಗಳಿದರಾ?” ಎಂದು ಉಗುರುಬಣ್ಣ ಜಮಖಾನದಲ್ಲಿ ಹೂತ ದನಿಯಲ್ಲಿ ವಿಚಾರಿಸಿತು.

“ನೀನು ಸುಮ್ಮನೆ ನೆಲ ನೋಡುತ್ತಿರು,” ಎಂದಿತು ಹಿಮ್ಮಡಿ. “ನಮಸ್ಕಾರ ಮಾಡಿಸಿಕೊಳ್ಳಬೇಕಾದ ಹಿರಿಯರು ಇನ್ನೂ ಒಂದು ಸಾಲು ಇದ್ದಾರೆ.”