ಅಂಚಿನ ಮೇಲೆ ಬರೆದ ಮಾತು

ಕುಪ್ಪಸದ ಖಣ ನೇಯುವ ಊರೊಂದರಲ್ಲಿ ಗುರಬಸವ್ವ ಎಂಬ ನೇಕಾರಳಿದ್ದಳು. ನೂಲಿಗೆ ಬಣ್ಣ ಹಾಕಿ ಹಾಕಿ ಅವಳ ಹೆಬ್ಬೆರಳು ಸದಾ ಕೆಂಪು. ಓದು ಬಾರದು. ಆ ಚಿಂತೆ ಅವಳಿಗಿಂತ ಊರಿಗೇ ಹೆಚ್ಚು.

ಒಮ್ಮೆ ಸಾಹುಕಾರ ಮಲಕಾಜಪ್ಪನ ಹತ್ತಿರ ಸಾಲ ಕೇಳಿದಳು. ಕರಾರಿನ ಕೊನೆಯನ್ನು ಅವನೇ ಓದಿ ಹೇಳಿದ: "ಸಾಲ ತೀರದಿದ್ದರೆ ಒಪ್ಪಿಸತಕ್ಕದ್ದು ಮಗ್ಗ."

ಬಣ್ಣದ ಗುಡಾಣದ ಮುಂದಿನಿಂದ ನೇರ ಎದ್ದು ಬಂದಿದ್ದ ಗುರಬಸವ್ವ, ಬೆರಳಿನ ಹಸಿ ಬಣ್ಣದಿಂದಲೇ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಅಷ್ಟಕ್ಕೇ ಬಿಡದೆ, ಒಂದೊಂದು ಸಾಲು ಮುಗಿದಲ್ಲೂ ಕೊನೆಯ ಅಕ್ಷರಕ್ಕೆ ತಾಗಿಸಿ ಒಂದೊಂದು ಒತ್ತಿದಳು.

"ಹಾಳಿ ಯಾಕ ಹೊಲಸು ಮಾಡ್ತಿ ಬೇ?" ಸಾಹುಕಾರ ನಕ್ಕ.

"ಅಂಚು ಹಾಕೀನ್ರಿ ಧಣಿ. ಅಂಚಿಲ್ಲದ ಅರಿವಿ ಬಿಚ್ಚಿಕೋತೈತಿ."

ಎರಡು ವರ್ಷದ ಮೇಲೆ ಕಂತು ತಪ್ಪಿತು. ಸಾಹುಕಾರ ಕೋರ್ಟಿಗೆ ಹೋದ. ಮಗ್ಗಕ್ಕಲ್ಲ, ಮನೆಗೆ! ಕಾಗದದಲ್ಲಿ ಈಗ "ಮಗ್ಗದ ಮನೆ" ಎಂದಿತ್ತು.

"ಮಗ್ಗ ಒಯ್ಲಿರಿ, ಮಾತು ಕೊಟ್ಟೇನಿ," ಎಂದಳು ಗುರಬಸವ್ವ ನ್ಯಾಯಾಧೀಶರಿಗೆ. "ಮನಿ ನಾ ಕೊಟ್ಟಿಲ್ಲ. ಹಾಸಿಗಿ ಹಿಡದ ಅತ್ತೀನ್ನ ಬೀದ್ಯಾಗ ಮಲಗಿಸಲೇನ್ರಿ?"

"ಓದಾಕ ಬರದಾಕಿ ಕಾಗದದ ಮಾತು ಆಡ್ತಾಳ!" ಸಾಹುಕಾರ ಚುಚ್ಚಿದ.

"ಓದಾಕ ಬರೂದಿಲ್ಲ, ಖರೆ. ಅಂಚು ನೋಡಾಕ ಬರತೈತಿ. ಸಾಹೇಬ್ರ, ನನ್ನ ಅಂಚು ಎಲ್ಲೈತಿ ನೋಡ್ರಿ."

ನ್ಯಾಯಾಧೀಶರು ಭೂತಗನ್ನಡಿ ತರಿಸಿದರು. ಎಲ್ಲ ಸಾಲುಗಳೂ ಕೆಂಪು ಗುರುತಿಗೆ ಬಂದು ನಿಂತಿದ್ದವು. ಕೊನೆಯದರಲ್ಲಿ ಮಾತ್ರ "ಮಗ್ಗ" ಮುಗಿದಲ್ಲಿ ಗುರುತು, ಆ ಗುರುತಿನ ಮೈಮೇಲೆ ಹತ್ತಿ ಕೂತಿತ್ತು "ದ ಮನೆ". ಕೊಳೆ ಎಂದುಕೊಂಡು ಸಾಹುಕಾರ ಅದರ ಮೇಲೇ ಬರೆದಿದ್ದ.



"ಒಬ್ಬರಿಗೆ ತಿಳಿಸದೆ ಇನ್ನೊಬ್ಬರು ತಿದ್ದಿದ ಕರಾರು ಕರಾರೇ ಅಲ್ಲ. ನಿಮಗೆ ಮನೆಯೂ ಇಲ್ಲ, ಮಗ್ಗವೂ ಇಲ್ಲ," ಎಂದರು ನ್ಯಾಯಾಧೀಶರು. ಕೈಗೆ ಬಂದಿದ್ದ ಮಗ್ಗವನ್ನು ಸಾಹುಕಾರ ಮೂರು ಅಕ್ಷರಕ್ಕೆ ಕಳೆದುಕೊಂಡ.

ಆಮೇಲೆ ನ್ಯಾಯಾಧೀಶರು ಕಾಗದವನ್ನೂ ಭೂತಗನ್ನಡಿಯನ್ನೂ ಗುರಬಸವ್ವನತ್ತ ಚಾಚಿದರು. ತನ್ನ ಹೆಬ್ಬೆರಳಿನ ಗುರುತನ್ನು ಅವಳು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಗೆರೆಯ ಪಕ್ಕ ಗೆರೆ, ಒಂದೆಳೆ ತಪ್ಪಿಲ್ಲ. ನಲವತ್ತು ವರ್ಷ ನೇಯ್ದವಳು ಎಳೆ ಎಣಿಸತೊಡಗಿದಳು.

"ಯವ್ವಾ! ಇಷ್ಟು ಸಣ್ಣ ನೇಯ್ಗಿ ಯಾರ ಮಗ್ಗದಾಗಿಂದ ಬಂತ್ರೀ?"



ನೀತಿ: ಇಬ್ಬರು ಒಪ್ಪಿದ ಮಾತಿಗೆ ಒಬ್ಬರೇ ಅಕ್ಷರ ಸೇರಿಸಿದರೆ, ಸೇರಿಸಿದ್ದೂ ನಿಲ್ಲದು, ಮೊದಲಿದ್ದದ್ದೂ ಉಳಿಯದು. ಓದು ಬಾರದ ಕೈಯನ್ನು ಹಗುರವಾಗಿ ಎಣಿಸಬೇಡಿ. ಅದರ ಬರಹ ಹುಟ್ಟುವಾಗಲೇ ಬಂದದ್ದು, ತಿದ್ದಲು ಯಾರಿಗೂ ಆಗದು.