ರೇಡಿಯೇಟರಿನ ಮುಚ್ಚಳ

ಹೊಳೆದಂಡೆಯ ಆ ಮಠಕ್ಕೆ ಗುರು ಒಬ್ಬ ಹೆಂಗಸು. ಹೆಸರು ನೀಲಾಂಬಿಕೆ, ಎಲ್ಲರ ಬಾಯಲ್ಲೂ ಅವ್ವ. ಮಠದ ಹಳೆಯ ಕಾರನ್ನು ಓಡಿಸುವವನು, ಕೆಟ್ಟರೆ ಬಿಚ್ಚಿ ಜೋಡಿಸುವವನು ಶಿಷ್ಯ ಅಡಿವೆಪ್ಪ. ಅಡುಗೆಯವನು ಮುದುಕ ಗೂಳಪ್ಪ.

ಅಡಿವೆಪ್ಪ ಹಸಿದು ಮಠಕ್ಕೆ ಬಂದ ದಿನ ಮೊದಲ ರೊಟ್ಟಿ ಕೊಟ್ಟ ಕೈ ಗೂಳಪ್ಪನದು. ಅದೇ ಗೂಳಪ್ಪನಿಗೆ, ಹುಗ್ಗಿ ತಳ ಹಿಡಿದ ಒಂದು ಮಧ್ಯಾಹ್ನ, ಅಡಿವೆಪ್ಪ ಪಂಕ್ತಿಯ ನಡುವೆ ಅಂದುಬಿಟ್ಟ: "ಕಣ್ಣು ಕಾಣಂಗಿಲ್ಲ, ಕೈ ನಡೆಯಂಗಿಲ್ಲ. ಬಿಟ್ಟಿ ಕೂಳಿಗೆ ಬಿದ್ದೀ ಇಲ್ಲಿ."

ಗೂಳಪ್ಪ ಸೌಟು ತೊಳೆದಿಟ್ಟ. ಬೆಳಗಾಗುವಷ್ಟರಲ್ಲಿ ಗಂಟು ಕಟ್ಟಿದ್ದ. ತಂಗಿಯ ಊರಿಗೆ ಹೊರಟವನು, ಮತ್ತೆ ಬರುವವನಲ್ಲ.

"ಬಸ್ಸಿನ ತನಕ ಬಿಟ್ಟು ಬರೋಣು, ಗಾಡಿ ತೆಗಿ," ಅಂದಳು ಅವ್ವ. ಆಮೇಲೆ, "ಅವನ ಕೂಡ ಮಾತಾಡಿದೇನು?"

"ಏನಂತ ಆಡ್ಲಿ ಅವ್ವಾ?" ಅಡಿವೆಪ್ಪ ಗೂಳಪ್ಪನಿಗೂ ಕೇಳುವಂತೆ ಅಂದ. "ಮಾತು ಆಡಿದರ ಹೋತು, ಮುತ್ತು ಒಡೆದರ ಹೋತು. ಹಿರಿಯರು ಸುಮ್ಮನ ಅಂದಾರೇನು?"

ಅವ್ವ ಕಾರು ಹತ್ತಿದಳು.

ದಿಬ್ಬ ಏರುವಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಅಡಿವೆಪ್ಪ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದ.

ಗೂಳಪ್ಪ ಗಂಟಿನೊಂದಿಗೆ ಇಳಿದು ಬೇವಿನ ನೆರಳಲ್ಲಿ ಕೂತ. "ಬಸ್ಸು ಇಲ್ಲೇ ಹಾಯತೈತಿ. ಕೈ ಮಾಡಿದರ ನಿಲ್ಲತೈತಿ," ಅಂದ, ಬೇವಿನ ಮರಕ್ಕೆ ಹೇಳಿದಂತೆ.

ಅಡಿವೆಪ್ಪ ಅರಿವೆ ಸುತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

"ಕೈ ತೆಗಿ," ಅಂದಳು ಅವ್ವ. "ಇನ್ನೂ ಬಿಸಿ ಐತಿ."

"ಬಸ್ಸು ಬಂದುಬಿಡತೈತಿ ಅವ್ವಾ."

"ಬರಲಿ. ಈಗ ತೆಗೆದರ ಏನಾಗತೈತಿ?"

"ಮುಖಕ್ಕೇ ಉಗಳತೈತಿ."

"ಹಂಗಾರ ಕೂಡು."

ಕೂತರು. ಕೂತಲ್ಲೇ ಅಡಿವೆಪ್ಪನ ಕಣ್ಣು ಇಂಜಿನ್ನಿನ ಮೇಲೆ ಆಡಿತು. ಬೆಲ್ಟು ಬಿಗಿಯಾಗಿತ್ತು. ಫ್ಯಾನಿನ ರೆಕ್ಕೆಗಳು ನೆಟ್ಟಗಿದ್ದವು. ಎಲ್ಲೂ ಒಂದು ಹನಿ ಸೋರಿರಲಿಲ್ಲ.

"ನೀರು?" ಕೇಳಿದಳು ಅವ್ವ.

"ರೇಡಿಯೇಟರಿನ ಪಕ್ಕದ ಬಾಟಲಿ ತುಂಬೇತಿ. ದಿನಾ ನೋಡತೀನಿ. ಅದಕ್ಕ ತಿಳೀವಲ್ದು."

ತಣ್ಣಗಾಗುತ್ತ ಬಂದಂತೆ ಮೇಲಿನ ರಬ್ಬರ್ ಕೊಳವೆ ಒಳಕ್ಕೆ ಕುಸಿಯಿತು, ಹಸಿದವನ ಹೊಟ್ಟೆ ಬೆನ್ನಿಗೆ ಹತ್ತಿದ ಹಾಗೆ. ಅಡಿವೆಪ್ಪ ಎದ್ದ. ಮುಚ್ಚಳ ಮುಟ್ಟಿ ನೋಡಿ ತೆರೆದ. ಸುಯ್ಯೆಂದು ಗಾಳಿ ಒಳಹೊಕ್ಕಿತು. ನೀರು ಎಲ್ಲೋ ತಳದಲ್ಲಿತ್ತು.

"ಹೊರಗ ತುಂಬೇತಿ, ಒಳಗ ಬರಿದು," ಅಂದ. ಮುಚ್ಚಳ ಮಗುಚಿ ನೋಡಿದ. ಅಡಿಯ ಪುಟ್ಟ ಬಿಲ್ಲೆ ತುಕ್ಕಿನ ಕಸರು ಸೇರಿ ಬಿಗಿದುಕೊಂಡಿತ್ತು.

"ಆ ಬಿಲ್ಲೆ ಕೆಲಸ ಏನು?"

"ಕಾದಾಗ ಉಕ್ಕಿದ ನೀರು ಬಾಟಲಿಗೆ ಹೋಗತೈತಿ ಅವ್ವಾ. ತಣ್ಣಗಾದ ಮ್ಯಾಲ ಈ ಬಿಲ್ಲೆ ಬಾಯಿ ತೆಗೆದು ಅದನ್ನ ಒಳಗ ಕರಕೋಬೇಕು. ಇದು ಕರಕೊಂಡೇ ಇಲ್ಲ. ಪ್ರತಿ ಸಲ ಚೆಲ್ಲಿದ್ದು ಚೆಲ್ಲಿದ ಹಂಗ..."

ಅವನ ಕಣ್ಣು ಬೇವಿನ ನೆರಳಿನತ್ತ ಹೊರಳಿತು.

"ಇದಕ್ಕೂ ಹಿರಿಯರು ಏನರ ಅಂದಾರೇನು?" ಕೇಳಿದಳು ಅವ್ವ.

ಅಡಿವೆಪ್ಪ ಬಿಲ್ಲೆ ಅಲುಗಾಡುವವರೆಗೆ ಉಗುರಿನಿಂದ ಕಸರು ಕೆರೆದ. ನೀರು ತುಂಬಿ ಮುಚ್ಚಳ ಹಾಕಿದ. ಒದ್ದೆ ಕೈಯಲ್ಲೇ ಬೇವಿನ ಬುಡಕ್ಕೆ ಹೋಗಿ ಕೂತ.

"ಅಜ್ಜಾ, ನಿನ್ನೆ ಅಂದದ್ದು ವಾಪಸ್ ತಗೋತೀನಿ. ಪಂಕ್ತಿಯೊಳಗ ಅಂದೆ, ಪಂಕ್ತಿಯೊಳಗ ನಿಂತೇ ತಗೋತೀನಿ."

"ನಿನ್ನ ಮುತ್ತು ಒಡೆದು ಹೋಗಿತ್ತಲ್ಲೋ," ಅಂದ ಗೂಳಪ್ಪ.

"ಮುತ್ತಲ್ಲಜ್ಜಾ, ಕಲ್ಲು. ಒಡೆದಿಲ್ಲ. ನಿನ್ನ ಎದಿಯೊಳಗ ಕುಂತೈತಿ."

ಮುದುಕ ಹೆಗಲ ಅರಿವೆಯಿಂದ ಮುಖ ಒರೆಸಿಕೊಂಡ.

ದಿಬ್ಬದ ತಿರುವಿನಲ್ಲಿ ಬಸ್ಸು ಕಂಡಿತು. ನೆರಳಲ್ಲಿ ಕೂತವರನ್ನು ನೋಡಿ ನಿಧಾನಿಸಿತು. ಕಂಡಕ್ಟರ್ ಬಾಗಿಲಲ್ಲಿ ಬಾಗಿದ. ಗೂಳಪ್ಪನ ಕೈ ಗಂಟಿನ ಮೇಲೇ ಇತ್ತು, ಅವನು ಏಳಲಿಲ್ಲ. ಬಸ್ಸು ಧೂಳೆಬ್ಬಿಸಿ ಹೋಯಿತು.

ಅಡಿವೆಪ್ಪನ ಮುಖ ಅರಳಿತು. "ಬಾ ಅಜ್ಜಾ, ಮಠಕ್ಕ ಹೋಗೋಣು," ಎನ್ನುತ್ತ ಗಂಟು ಎತ್ತಿಕೊಳ್ಳಲು ಹೋದ. ಮುದುಕನ ಹಿಡಿತ ಸಡಿಲಲಿಲ್ಲ.

ಅವ್ವ ಕಾರಿನ ಬಳಿಯಿಂದಲೇ ಅಂದಳು:

"ಕೈ ತೆಗಿ, ಅಡಿವೆಪ್ಪಾ. ಇನ್ನೂ ಬಿಸಿ ಐತಿ."