ಗರುಡಗಂಬದ ದೀಪಕ್ಕೆ ಬೀಡಿ ಹಚ್ಚಿದ ದಾಸಪ್ಪ

ದೀಪಕ್ಕೆ ಎಣ್ಣೆ ಹಾಕಿ, ಕೈಗೊಂದು ತುಳಸಿ ಎಸಳು ತಗೊಂಡು ಎಲ್ಲರೂ ಹತ್ತಿರ ಕೂತ್ಕೊಳ್ಳಿ. ಕಥೆ ಮಧ್ಯದಲ್ಲಿ ಎದ್ದು ಹಿತ್ತಲಿಗೆ ಹೋಗೋ ಗಂಡಸರು ಈಗಲೇ ಹೋಗಿ ಬನ್ನಿ. ಯಾತಕ್ಕೆ ಹೋಗ್ತೀರಿ ಅಂತ ಸ್ವಾಮಿಗೂ ಗೊತ್ತು, ನಿಮ್ಮ ಹೆಂಡಿರಿಗೂ ಗೊತ್ತು. ಶ್ರಾವಣ ಶನಿವಾರದ ಈ ಕಥೆಯಲ್ಲಿ ಬೆಟ್ಟದ ತಿಮ್ಮಪ್ಪನ ಮಹಿಮೆ ಕಮ್ಮಿ, ಅವನ ಒಬ್ಬ ದಾಸನ ಮಾನ ಹೋಗಿದ್ದೇ ಜಾಸ್ತಿ.

ಹೊಳೆ ದಂಡೆಯ ಒಂದೂರಲ್ಲಿ ಚೆಲುವರಂಗಯ್ಯ ಅಂತ ಒಬ್ಬ ದಾಸಪ್ಪ ಇದ್ದ. ಅವನಿಗೆ ಪುಟ್ಟಲಚ್ಚಮ್ಮ ಅಂತ ಹೆಂಡತಿ, ಪದುಮಿ ಅಂತ ಆರು ವರ್ಷದ ಮಗಳು. ಶ್ರಾವಣ ಬಂದರೆ ಅವನು ಹಣೆ ತುಂಬ ನಾಮ ಇಟ್ಟು, ಹೆಗಲಿಗೆ ಶಂಖ ಜಾಗಟೆ ನೇತುಹಾಕಿ, ಅಕ್ಕಿ ಹಾಕಿಸಿಕೊಳ್ಳೋ ಭವನಾಸಿ ಹಿಡಿದು, ಉದ್ದ ಹಿಡಿಯ ಗರುಡಗಂಬದ ದೀಪ ಹಚ್ಚಿಕೊಂಡು ಮನೆಮನೆಗೂ ಹೋಗ್ತಿದ್ದ. ಹೊಸ್ತಿಲಲ್ಲಿ ಹಚ್ಚಿದ ಆ ದೀಪ ವಾಪಸ್ ಬರೋತನಕ ಆರಬಾರದು, ಅದರ ಬೆಂಕಿಯಿಂದ ಇನ್ನೇನನ್ನೂ ಹಚ್ಚಬಾರದು ಅಂತ ತಾತನ ಕಾಲದ ಕಟ್ಟು. ಅವನು ಶಂಖ ಊದಿದರೆ ಮೂರು ಬೀದಿ ನಾಯಿಗಳು ಕತ್ತೆತ್ತಿ ಜೊತೆಗೆ ಹಾಡ್ತಿದ್ದವು.

ಆದರೆ ಅವನಿಗೆ ಬೀಡಿ ಬೇಕು. ಎದ್ದ ತಕ್ಷಣ ಬೇಕು, ಉಂಡ ಮೇಲೆ ಬೇಕು, ಬೀಡಿ ಬಿಡಬೇಕು ಅಂತ ಯೋಚನೆ ಮಾಡೋಕೂ ಒಂದು ಬೀಡಿ ಬೇಕು.

ಒಂದು ಶನಿವಾರ ಜಿಟಿಜಿಟಿ ಮಳೆಗೆ ಬೆಂಕಿಪೊಟ್ಟಣ ನೆಂದು ಹೋಗಿ, ಚಡಪಡಿಸಿ, ಕೆರೆ ಏರಿ ಹಿಂದೆ ನಿಂತು, ಆ ಕಡೆ ಈ ಕಡೆ ನೋಡಿ, ಚೆಲುವರಂಗಯ್ಯ ಗರುಡಗಂಬದ ದೀಪಕ್ಕೇ ಬೀಡಿ ಹಿಡಿದುಬಿಟ್ಟ. ಸಿಡಿಲು ಬೀಳುತ್ತೆ ಅಂತ ಕಣ್ಣು ಮುಚ್ಚಿ ನಿಂತ. ಸಿಡಿಲು ಬೀಳಲಿಲ್ಲ. ಒಂದು ಕಾಗೆ ಕೂಗಿತು, ಅಷ್ಟೇ. ಸ್ವಾಮಿ ಸುಮ್ಮನಿದ್ದಾನೆ ಅಂದರೆ ಸ್ವಾಮಿಗೆ ಒಪ್ಪಿಗೆ ಅಂದುಕೊಂಡ. ಅವತ್ತಿಂದ ಶ್ರಾವಣದಲ್ಲಿ ಬೆಂಕಿಪೊಟ್ಟಣ ಕೊಳ್ಳೋದೇ ಬಿಟ್ಟ, ಮನೇಲಿ ಮಗಳ ಎದುರಿಗೇ ದೀಪಕ್ಕೆ ಬೀಡಿ ಹಿಡೀತಿದ್ದ.

ಮನೆ ಅಂದರೆ ಒಂದೇ ಕೋಣೆ. ಅವನು ಬಿಟ್ಟ ಹೊಗೆ ಅಲ್ಲೇ ಸುತ್ತಿ ಸುತ್ತಿ ಮಲಗ್ತಿತ್ತು. ಪದುಮಿ ಎದೆ ಗೊರಗೊರ ಅಂತಿತ್ತು, ಪುಟ್ಟಲಚ್ಚಮ್ಮ ಮಗಳ ಮೂಗಿಗೆ ಸೆರಗು ಅಡ್ಡ ಹಿಡಿದು ಕೂರ್ತಿದ್ದಳು.

"ಆಚೆ ಹೋಗಿ ಸೇದಬಾರದಾ? ಮಗೀಗೆ ಆಗಲ್ಲ ಕಣ್ರೀ" ಅಂದರೆ, "ನೀನು ಹಾಕೋ ಸಾಂಬ್ರಾಣಿ ಹೊಗೆ ಆಗುತ್ತೆ, ನಂದು ಮಾತ್ರ ಆಗಲ್ವಾ? ಒಳ್ಳೆ ಕಥೆ!" ಅಂತಿದ್ದ. ಅವಳು ಸೆರಗು ಇನ್ನೂ ಬಿಗಿಯಾಗಿ ಹಿಡೀತಿದ್ದಳು.

ಹೀಗಿರಲಾಗಿ ಕೊನೇ ಶನಿವಾರ ಬಂತು. ಊರಿನ ಹಿರೀಕಳು ನಿಂಗಾಜಮ್ಮನ ಮನೇಲಿ ಹರಿಸೇವೆ. ಅನ್ನ, ಹುಳಿ, ಪಾಯಸ ಆಗಿ, ಎಲೆ ಹಾಕಿ, ನೂರು ಜನ ಕೈ ಕಟ್ಟಿ ನಿಂತರು. ದಾಸಪ್ಪ ಮೂರು ಸಲ ಶಂಖ ಊದದೆ ಯಾರೂ ತುತ್ತು ಎತ್ತೋ ಹಾಗಿಲ್ಲ. ಚೆಲುವರಂಗಯ್ಯ ಶಂಖ ಬಾಯಿಗಿಟ್ಟು ಊದಿದ. ಫುಸ್ ಅಂತು. ಮತ್ತೆ ಊದಿದ. ಮತ್ತೆ ಫುಸ್. ಮೂರನೇ ಸಲ ಶಂಖದ ಬದಲು ಕೆಮ್ಮು ಬಂತು. ಬಂದಿದ್ದು ನಿಲ್ಲಲೇ ಇಲ್ಲ.

"ಏನ್ ದಾಸಪ್ಪ, ಸೈಕಲ್ ಗಾಳಿ ಬಿಡ್ತಿದ್ದೀಯಾ?" ಅಂದ ಒಬ್ಬ. ಎಲ್ಲರೂ ನಕ್ಕರು. ಇವನು ಕಣ್ಣೊರೆಸಿಕೊಂಡು, "ಶಂಖ ಬಿರುಕು ಬಿಟ್ಟದೆ" ಅಂದ.

ಅಪ್ಪನನ್ನು ನೋಡಿ ನಕ್ಕಿದ್ದು ಪದುಮಿಗೆ ಸಹಿಸೋಕಾಗಲಿಲ್ಲ. ಮುಂದೆ ಬಂದು ಗಟ್ಟಿಯಾಗಿ ಹೇಳಿದಳು: "ಬಿರುಕೂ ಇಲ್ಲ ಏನೂ ಇಲ್ಲ. ನಮ್ಮಪ್ಪಯ್ಯ ದಿನಾ ದೀಪಕ್ಕೆ ಬೀಡಿ ಪೂಜೆ ಮಾಡ್ತದೆ. ಇವತ್ತು ನೀವು ಯಾರೂ ಮಾಡೋಕೆ ಬಿಡಲಿಲ್ಲ, ಅದಕ್ಕೇ ಶಂಖ ಕೂಗಲಿಲ್ಲ. ನೋಡಿ, ಹಿಂಗೆ!" ಅಂತ ಒಣಗಿದ ತುಳಸಿ ಕಡ್ಡಿ ತಗೊಂಡು, ಗರುಡಗಂಬದ ದೀಪಕ್ಕೆ ಹಿಡಿದು, ತುಟಿಗಿಟ್ಟು, ಥೇಟ್ ಅಪ್ಪನ ಹಾಗೇ ಒಂದು ಕಣ್ಣು ಕಿರಿದು ಮಾಡಿ ಎಳೆದಳು.

ಯಾರೂ ನಗಲಿಲ್ಲ. ಮಗು ಒಂದು ಸಲ ಕೆಮ್ಮಿ, ಎರಡು ಸಲ ಕೆಮ್ಮಿ, ಉಸಿರು ಎಳೆಯೋಕಾಗದೆ ತುಟಿ ನೀಲಿಯಾಗಿ ಎಲೆಗಳ ನಡುವೆ ಕುಸೀತು.

ಯಾರದೋ ಗಾಡಿ ಹತ್ತಿಸಿ ತಾಲೂಕು ಆಸ್ಪತ್ರೆಗೆ ಒಯ್ದರು. ಡಾಕ್ಟರಮ್ಮ ಮಗುವಿನ ಮೂಗಿಗೆ ಔಷಧಿ ಹೊಗೆಯ ಮಾಸ್ಕು ಕಟ್ಟಿ, ಎದೆಗೆ ಕಿವಿ ಕೊಟ್ಟು ಕೇಳಿ, "ಮನೇಲಿ ಯಾರು ಸೇದೋರು?" ಅಂದರು. ಚೆಲುವರಂಗಯ್ಯ ಗೋಡೆ ನೋಡಿದ. ಪುಟ್ಟಲಚ್ಚಮ್ಮ ಗಂಡನ ಮಾನ ಕಾಯೋಕೆ, "ಸೌದೆ ಒಲೆ ಅವ್ವಾ, ನಂದೇ ತಪ್ಪು" ಅಂದಳು. ಆ ಮಾತು ಅವನನ್ನು ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು. ನೂರು ಜನರ ನಗುವಿಗೆ ಬಗ್ಗದ ತಲೆ ಅಲ್ಲಿ ಬಗ್ಗಿತು. "ನಾನೇ" ಅಂದ. ಧ್ವನಿ ಬರಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು.

ಮಗು ಮೂರು ದಿನಕ್ಕೆ ಮನೆಗೆ ಬಂತು. ಅವನು ನಿಂಗಾಜಮ್ಮನ ಕಾಲಿಗೆ ಬಿದ್ದು, ಪ್ರಾಯಶ್ಚಿತ್ತ ಹೇಳವ್ವಾ ಅಂದ. ಮುದುಕಿ ಎಲೆಅಡಿಕೆ ಪಕ್ಕಕ್ಕಿಟ್ಟು, "ಮುಡುಪು ಗಿಡುಪು ಸ್ವಾಮಿಗೆ ಬೇಡ. ಬೀಡಿ ಬಿಡು. ಅಕ್ಕಿ ಈಸ್ಕೊಂಡ ಹೊಸ್ತಿಲಿಗೆಲ್ಲ ಶನಿವಾರ ಹೋಗಿ ನಿಂತು, ಮಾಡಿದ್ದು ಬಾಯಿ ಬಿಟ್ಟು ಹೇಳು, ಹಿಡಿ ಅಕ್ಕಿ ಮುಟ್ಟಬೇಡ. ಮಧ್ಯ ಸೇದಿದೆಯೋ, ಮೊದಲನೇ ಮನೆಯಿಂದ ಮತ್ತೆ ಶುರು" ಅಂದಳು.

ಅಂತೆಯೇ ಅವನು ಹೊಸ್ತಿಲಲ್ಲಿ ನಿಂತು, "ಸ್ವಾಮಿ ದೀಪಕ್ಕೆ ಬೀಡಿ ಹಚ್ಚಿದೋನು ನಾನು, ಮಗಳ ಉಸಿರು ಕೆಡಿಸಿದೋನು ನಾನು" ಅಂತ ಹೇಳಿ ಮುಂದಕ್ಕೆ ಹೋದ. ಕೆಲವರು ಅತ್ತರು, ಕೆಲವರು ಬಾಗಿಲು ಹಾಕಿಕೊಂಡರು. ಹನ್ನೊಂದನೇ ಮನೆ ದಾಟಿ, ತಡೆಯೋಕಾಗದೆ ಏರಿ ಹಿಂದೆ ಹೋಗಿ ಸೇದಿದ. ಯಾರೂ ನೋಡಲಿಲ್ಲ. ಆದರೂ ಮೊದಲನೇ ಮನೆಗೆ ವಾಪಸ್ ಬಂದು ನಿಂತ. "ಮತ್ತೆ ಬಂದೆಯಾ?" ಅಂದರು. "ಮತ್ತೆ ಸೇದಿದೆ" ಅಂದ. ಎರಡು ಸಲ ಹಾಗಾಯಿತು. ಡಾಕ್ಟರಮ್ಮನ ಹತ್ತಿರ ನಾಚಿಕೆ ಬಿಟ್ಟು ಹೋಗಿ ಬೀಡಿ ಬಿಡಿಸೋ ಮಾತ್ರೆ ತಂದ. ಮೂರನೇ ಸುತ್ತು ಊರು ಪೂರ್ತಿ ಮುಗೀತು.

ವರ್ಷ ತಿರುಗಿ ಹರಿಸೇವೆ ಬಂತು. ಎಲೆ ಹಾಕಿದರು. ಪದುಮಿ ಓಡಾಡಿ ಉಪ್ಪು ಬಡಿಸಿದಳು, ಏದುಸಿರು ಬಿಡಲಿಲ್ಲ. ಚೆಲುವರಂಗಯ್ಯ ತಾನು ಮಾಡಿದ್ದನ್ನ ಮತ್ತೊಂದು ಸಲ ಎಲ್ಲರೆದುರು ಹೇಳಿ ಶಂಖ ಊದಿದ. ಹಳೇ ಶಂಖನಾದ ಬರಲಿಲ್ಲ. ಎಳೆಗರು ಕೂಗಿದ ಹಾಗೆ ಮೂರು ಸಲ ತುಂಡು ತುಂಡಾಗಿ ಕೂಗಿತು. ನಾಯಿಗಳು ತಿರುಗಿಯೂ ನೋಡಲಿಲ್ಲ. "ಸಾಕು ಬಿಡಪ್ಪ, ಅನ್ನ ಆರ್ತದೆ" ಅಂದಳು ನಿಂಗಾಜಮ್ಮ. ಎಲ್ಲರೂ ಗೋವಿಂದಾ ಅಂದು ಕೂತರು. ಅವನು ತಲೆ ತಗ್ಗಿಸಿ ಕೊನೇ ಎಲೆಗೆ ಕೂತ. ಪುಟ್ಟಲಚ್ಚಮ್ಮ ಬಂದು ಪಾಯಸ ಬಡಿಸಿದಳು, ಎರಡು ಸೌಟು.

ಈ ಕಥೆ ಹೇಳಿದೋರಿಗೆ, ಕೇಳಿದೋರಿಗೆ, ಕೇಳ್ತಾ ಕೇಳ್ತಾ ಮೆಲ್ಲಗೆ ಜೇಬು ಮುಟ್ಟಿ ನೋಡಿಕೊಂಡೋರಿಗೂ ಸ್ವಾಮಿ ಅದೇ ಫಲ ಕೊಡಲಿ: ಕೇಳಿದಾಗ "ನಾನೇ" ಅನ್ನೋ ಬಾಯಿ ಕೊಡಲಿ, ಮನೆ ಮಕ್ಕಳಿಗೆ ಎದೆ ತುಂಬ ಉಸಿರು ಕೊಡಲಿ. ಗೋವಿಂದಾ ಗೋವಿಂದ.